ಕೋವಿ ಮನೆಯಲ್ಲೇ ಇರಲಿ: ನಂಜನಗೂಡು–ಟಿ. ನರಸೀಪುರದ ಕೆರೆಗಳಿಗೆ ಒಂದೂವರೆ ದಿನ

ಚಳಿಗಾಲ ಬಂತೆಂದರೆ ಮೈಸೂರು ಸೀಮೆಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಡಿಸೆಂಬರ್ ರಜೆಗೆ ಅಮೆರಿಕದಿಂದ ಬಂದ ಭಾವನೋ, ಬೆಂಗಳೂರಿನ ಚಿಕ್ಕಪ್ಪನ ಮಗನೋ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಕೇಳುತ್ತಾರೆ: "ನಿಮ್ಮ ಕಡೆ ಕೆರೆಗಳಿಗೆ ಬಾತು ಬಹಳ ಬರುತ್ತವಂತಲ್ಲ, ಗೊತ್ತಿರೋರು ಯಾರಾದರೂ ಕರ್ಕೊಂಡು ಹೋಗ್ತಾರಾ? ಒಂದೆರಡು ಹೊಡೆದುಕೊಂಡು ಬರೋಣ."

ಕೇಳಿದವರದು ತಪ್ಪಲ್ಲ. ಅಮೆರಿಕದಲ್ಲಿ ಬಾತುಬೇಟೆ ಕಾನೂನುಬದ್ಧ. 1934ರಿಂದ ಅಲ್ಲಿ 'ಡಕ್ ಸ್ಟಾಂಪ್' ಎಂಬ ವ್ಯವಸ್ಥೆ ಇದೆ. ಹದಿನಾರು ವರ್ಷ ತುಂಬಿದ ಬೇಟೆಗಾರ ಪ್ರತಿವರ್ಷ ಅದನ್ನು ಕೊಳ್ಳಲೇಬೇಕು, ಆ ಹಣ ಜೌಗುಭೂಮಿಗಳನ್ನು ಕೊಂಡು ಕಾಯುವುದಕ್ಕೆ ಹೋಗುತ್ತದೆ. ದುಡ್ಡು ಕೊಟ್ಟರೆ ಗೈಡು, ನಾಯಿ, ದೋಣಿ, ಅಡಗುಗೂಡು ಎಲ್ಲವೂ ಸಿಗುವ ದೇಶದಿಂದ ಬಂದವನಿಗೆ ಇಲ್ಲೂ ಹಾಗೇ ಇದ್ದೀತು ಅನ್ನಿಸುವುದು ಸಹಜ. ಇಲ್ಲಿ ಹಾಗಿಲ್ಲ. ಆದರೆ ಹಕ್ಕಿ ನೋಡುವ ಪ್ರವಾಸಕ್ಕೆ, ಗೈಡ್ ಜೊತೆಗೆ, ಒಂದೂವರೆ ದಿನದಲ್ಲಿ ಮುಗಿಯುವಂಥದ್ದಕ್ಕೆ ನಂಜನಗೂಡು ಮತ್ತು ಟಿ. ನರಸೀಪುರ ತಾಲೂಕುಗಳಷ್ಟು ಅನುಕೂಲದ ಜಾಗ ಕರ್ನಾಟಕದಲ್ಲಿ ಕಡಿಮೆ. ಅದನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದೇ ಈ ಲೇಖನ. ಅದಕ್ಕೆ ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡೋಣ, ಯಾಕೆಂದರೆ ಊಟದ ಮನೆಯ ವಾದ ಅದಿಲ್ಲದೆ ನಿಲ್ಲುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಟ್ಟಿದಾಗ ಬೇಟೆ ಪೂರ್ತಿ ನಿಂತಿರಲಿಲ್ಲ. 'ಸಣ್ಣ ಬೇಟೆ'ಗೆ ಲೈಸೆನ್ಸ್ ಕೊಡುವ ಅವಕಾಶ ಅದರಲ್ಲೇ ಇತ್ತು. "ನಮ್ಮ ತಾತ ಲೈಸೆನ್ಸ್ ಇಟ್ಟುಕೊಂಡೇ ಹೊಡೆಯುತ್ತಿದ್ದರು" ಎಂದು ಹಳಬರು ಹೇಳುವ ಮಾತು ಎಷ್ಟೋ ಮನೆಗಳಲ್ಲಿ ನಿಜವೇ. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. 2022ರ ತಿದ್ದುಪಡಿಯಲ್ಲಿ ಪರಿಶಿಷ್ಟಗಳನ್ನು ನಾಲ್ಕಕ್ಕೆ ಇಳಿಸಿ, ದಂಡವನ್ನು ಏರಿಸಿದರು. ಈಗ ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೊದಲನೇ ಪರಿಶಿಷ್ಟದಲ್ಲಿರುವ ಜೀವಿಯಾದರೆ (ನವಿಲು ಅದರಲ್ಲಿದೆ) ಕನಿಷ್ಠ ಮೂರು ವರ್ಷ, ಏಳರವರೆಗೂ ಹೋಗಬಹುದು, ದಂಡ ಇಪ್ಪತ್ತೈದು ಸಾವಿರಕ್ಕೆ ಕಡಿಮೆ ಇಲ್ಲ. ಬಳಸಿದ ಕೋವಿ, ಬಲೆ, ಕಾರು, ಬೈಕು ಸರ್ಕಾರದ ಪಾಲು.

ಬಹಳ ಜನ ತಿಳಿಯದೇ ಇರುವುದು ಬೇರೆ ಇದೆ. ಕಾಯ್ದೆಯ ಲೆಕ್ಕದಲ್ಲಿ ಗುಂಡು ಹೊಡೆಯುವುದು ಮಾತ್ರ ಬೇಟೆಯಲ್ಲ. ಬಲೆ ಹಾಕುವುದು, ಉರುಳು ಒಡ್ಡುವುದು, ವಿಷ ಇಡುವುದು, ಅಟ್ಟಿಸಿಕೊಂಡು ಹೋಗುವುದು, ಮೊಟ್ಟೆ ಎತ್ತುವುದು, ಗೂಡು ಕೆಡಿಸುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಲೈಸೆನ್ಸ್ ಬೇಡದ ಏರ್‌ಗನ್ ಆದರೂ ಅಷ್ಟೇ, ಹುಡುಗರ ಚಾಟರಬಿಲ್ಲಾದರೂ ಅಷ್ಟೇ. ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿ ಲೈಸೆನ್ಸ್ ಹಕ್ಕಿ ಹೊಡೆಯಲು ಕೊಟ್ಟ ಪರವಾನಗಿಯಲ್ಲ.

ಹಾಗಾದರೆ ಹೈವೇ ಹೋಟೆಲುಗಳ ಬೋರ್ಡಿನಲ್ಲಿ ಬರೆದಿರುವ 'ಗೌಜಲ ಫ್ರೈ'? ಅದು ಫಾರಂನಲ್ಲಿ ಸಾಕಿದ ಜಪಾನಿ ತಳಿಯ ಲಾವಕ್ಕಿ. ಕೋಳಿ ತಿಂದಷ್ಟೇ ಸಲೀಸಾಗಿ ತಿನ್ನಬಹುದು. ಯಾರಾದರೂ ಗುಟ್ಟಾಗಿ "ಸಾರ್, ಇದು ಕಾಡಿಂದು, ಒರಿಜಿನಲ್" ಎಂದರೆ ಮಾತ್ರ ಎದ್ದು ಬನ್ನಿ. ಮಾರಿದವನ ಜೊತೆ ಕೊಂಡವನ ಮೇಲೂ ಕೇಸು ಬೀಳುತ್ತದೆ. ಬಲೆ ಹಾಕುವುದು, ಹಕ್ಕಿ ಮಾರುವುದು ಕಣ್ಣಿಗೆ ಬಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926.

ಕೋವಿಗೂ ಈ ಸೀಮೆಗೂ ಹಳೆಯ ನಂಟಿರುವುದಂತೂ ಹೌದು. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಸುಮಾರು ಒಂದು ಶತಮಾನ ಕಾಲ ರಾಜಮಹಾರಾಜರು ಹೊಡೆದ ಪ್ರಾಣಿಗಳಿಗೆ ಮತ್ತೆ ರೂಪ ಕೊಟ್ಟು, ಗಾಜಿನ ಕಣ್ಣಿಟ್ಟು, 1999ರಲ್ಲಿ ಬಾಗಿಲು ಹಾಕಿತು. ಹಕ್ಕಿಶಾಸ್ತ್ರ ಬೆಳೆದದ್ದೂ ಕೋವಿಯ ಜೊತೆಯಲ್ಲೇ. ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ, ಹಕ್ಕಿಯನ್ನು ಹೊಡೆದು ಚರ್ಮ ತೆಗೆದು ಪೆಟ್ಟಿಗೆಯಲ್ಲಿಟ್ಟರೇ ಅದು ದಾಖಲೆ. ಅದೇ ಸಲೀಂ ಅಲಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟಿದ ಕೊಕ್ಕರೆಗಳನ್ನು ನೋಡಿ ಸಂಸ್ಥಾನಕ್ಕೆ ಹೇಳಿದ್ದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇನ್ನು ಹಕ್ಕಿ ಹಿಡಿಯುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ಹಕ್ಕಿಪಿಕ್ಕಿ ಜನ. ಹುಣಸೂರು ತಾಲೂಕಿನ ಪಕ್ಷಿರಾಜಪುರದಲ್ಲಿ ನೆಲೆ ನಿಂತ ಅವರು ಈಗ ಗಿಡಮೂಲಿಕೆ ತೈಲದ ವ್ಯಾಪಾರಕ್ಕೆ ಆಫ್ರಿಕಾವರೆಗೂ ಹೋಗುತ್ತಾರೆ. ಕಾಯ್ದೆ ಬಂದಾಗ ಮಹಾರಾಜರಿಗೆ ಒಂದು ಹವ್ಯಾಸ ಹೋಯಿತು, ಇವರಿಗೆ ಅನ್ನ ಹೋಯಿತು. ಬೇಟೆ ನಿಷೇಧದ ಬಗ್ಗೆ ಹೆಮ್ಮೆಪಡುವ ನಾವು ಆ ಎರಡನೆಯದನ್ನು ನೆನಪಿಸಿಕೊಳ್ಳುವುದು ಕಡಿಮೆ.

ಯಾವಾಗ ಹೋಗಬೇಕು

ಡಿಸೆಂಬರ್ ಎರಡನೇ ವಾರದಿಂದ ಫೆಬ್ರವರಿ ಕೊನೆಯವರೆಗೆ. ನವೆಂಬರಿನಲ್ಲೇ ಕೆಲವು ಬಾತುಗಳು ಬಂದಿರುತ್ತವೆ, ಆದರೆ ಮಳೆ ತಡವಾದ ವರ್ಷಗಳಲ್ಲಿ ಕೆರೆ ಕೋಡಿಬಿದ್ದು ತುಂಬಿರುತ್ತದೆ. ತುಂಬಿದ ಕೆರೆಯಲ್ಲಿ ಹಕ್ಕಿ ದೂರ, ಚದುರಿ ಕೂತಿರುತ್ತದೆ. ನೀರು ಸ್ವಲ್ಪ ಇಳಿದು ಅಂಚಿನಲ್ಲಿ ಕೆಸರು ಕಾಣತೊಡಗಿದ ಮೇಲೆ ಗದ್ದೆಗೊರವ, ಕೆಂಬರಲು, ಸಿಪಿಲೆಗಳೆಲ್ಲ ದಡಕ್ಕೆ ಬರುತ್ತವೆ. ಬಂದವರಿಗೆ ನೋಡಲು ಸುಲಭವಾಗುವುದು ಆಗ.

ಇಲ್ಲಿಯ ದೊಡ್ಡ ಅತಿಥಿ ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಮಂಗೋಲಿಯಾ, ಟಿಬೆಟ್ಟಿನ ಪ್ರಸ್ಥಭೂಮಿ, ಲಡಾಖ್‌ಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತದೆ. ಬೆನ್ನಿಗೆ ಯಂತ್ರ ಕಟ್ಟಿ ನಡೆಸಿದ ಅಧ್ಯಯನಗಳಲ್ಲಿ ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕುತ್ತಿಗೆಪಟ್ಟಿ ತೊಡಿಸಿದ ಹಕ್ಕಿಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಿಸಿಕೊಂಡಿವೆ.

ಅಷ್ಟು ದೂರದಿಂದ ಅದು ಇಲ್ಲಿಗೇ ಯಾಕೆ ಬರುತ್ತದೆ ಎಂಬುದು ಗೊತ್ತಿದ್ದರೆ ನಿಮ್ಮ ವೇಳಾಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಹಗಲು ಮಲಗಲು ನಡುವೆ ಯಾರೂ ಬಾರದ ನೀರು ಬೇಕು, ರಾತ್ರಿ ಮೇಯಲು ಕೊಯ್ದ ಗದ್ದೆ ಬೇಕು. ಕಪಿಲೆ–ಕಾವೇರಿಯ ನಾಲೆ ಬಯಲಿನಲ್ಲಿ ಎರಡೂ ಪಕ್ಕಪಕ್ಕದಲ್ಲಿವೆ. ಡಿಸೆಂಬರ್–ಜನವರಿಯಲ್ಲಿ ಭತ್ತದ ಕೊಯ್ಲು ಮುಗಿದು ಗದ್ದೆಯಲ್ಲಿ ಉದುರಿದ ಕಾಳು, ಚಿಗುರಿದ ಕೂಳೆ, ಹುಲ್ಲು ಇರುತ್ತವೆ. ಮುಳುಗುಹೊತ್ತಿಗೆ ಹಿಂಡು ಕೂಗುತ್ತಾ ಎದ್ದು ಗದ್ದೆಗಳ ಕಡೆ ಹೋಗುತ್ತದೆ, ಬೆಳಗಿನ ಜಾವ ಹಿಂದಿರುಗಿ ನೀರಿಗೆ ಇಳಿಯುತ್ತದೆ. ಹತ್ತು ಗಂಟೆಗೆ ಆರಾಮವಾಗಿ ಬಂದವರಿಗೆ ಕಾಣುವುದು ಕೆರೆ ಮಧ್ಯೆ ರೆಕ್ಕೆಯಲ್ಲಿ ತಲೆ ಹುದುಗಿಸಿ ನಿದ್ದೆ ಮಾಡುವ ಬೂದುಬಣ್ಣದ ಸಾಲು ಮಾತ್ರ.

ದಿನ ಆರಿಸುವಾಗ ಊರಿನ ಪಂಚಾಂಗವನ್ನೂ ನೋಡಿಕೊಳ್ಳಿ. ಸೋಮವಾರ ಮತ್ತು ಹುಣ್ಣಿಮೆಯಂದು ನಂಜನಗೂಡಿನ ನಂಜುಂಡೇಶ್ವರನ ದರ್ಶನಕ್ಕೆ ಜನ ಹೆಚ್ಚು, ದೇವಸ್ಥಾನದ ಸುತ್ತಲ ಲಾಡ್ಜುಗಳು ಸಿಗುವುದು ಕಷ್ಟ. ಜನವರಿ ಹೊತ್ತಿಗೆ ಸುತ್ತೂರು ಜಾತ್ರೆ ಬರುತ್ತದೆ. ಆ ಆರು ದಿನ ಸುತ್ತಲ ಹಳ್ಳಿರಸ್ತೆಗಳಲ್ಲಿ ಬಸ್ಸು, ಟ್ರಾಕ್ಟರು ತುಂಬಿರುತ್ತವೆ. ಟಿ. ನರಸೀಪುರದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿದೆ, ಹಿಂದಿನದು 2025ರ ಫೆಬ್ರವರಿಯಲ್ಲಿ ಆಯಿತು. ಮೇಳಕ್ಕೆ ಹೋಗುವುದಿದ್ದರೆ ಮೇಳಕ್ಕೆ ಹೋಗಿ. ಹಕ್ಕಿಯನ್ನು ಅದಕ್ಕೆ ಸೇರಿಸಬೇಡಿ.

ಮಾರ್ಚ್‌ನಿಂದ ಮೇವರೆಗೆ ಹೆಬ್ಬಾತು ಇರುವುದಿಲ್ಲ. ಆಗ ನೀರು ಇಳಿದ ನದಿಯ ಮರಳುದಿಬ್ಬಗಳಲ್ಲಿ ನದಿ ರೀವ, ನದಿ ಟಿಟ್ಟಿಭದಂಥ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಮೊಟ್ಟೆಗೂ ಬೆಣಚುಕಲ್ಲಿಗೂ ವ್ಯತ್ಯಾಸ ಕಾಣದು. ಆ ತಿಂಗಳುಗಳಲ್ಲಿ ದಿಬ್ಬದ ಮೇಲೆ ಕಾಲಿಡದೆ ದಡದಿಂದಲೇ ನೋಡಿ.

ಯಾವ ಕೆರೆ

ಒಂದೇ ಕೆರೆಗೆ ಹೋಗುವಷ್ಟು ಸಮಯವಿದ್ದರೆ ಹದಿನಾರಿಗೆ ಹೋಗಿ. ನಂಜನಗೂಡು ತಾಲೂಕಿನ ಈ ಊರಿಗೆ ಹಕ್ಕಿಗಿಂತ ಹಳೆಯ ಹೆಸರೊಂದಿದೆ. 1399ರಲ್ಲಿ ಯದುರಾಯ ಬಂದು ಪಾಳೆಯಗಾರನ ಮಗಳನ್ನು ಕಾಪಾಡಿ ಮದುವೆಯಾಗಿ ಮೈಸೂರು ಅರಸು ಮನೆತನ ಶುರುಮಾಡಿದ ಎಂಬ ಐತಿಹ್ಯದ ಹದಿನಾಡು ಇದೇ ಎನ್ನುತ್ತಾರೆ. ಇವತ್ತು ಹೊರಗಿನವರು ಬರುವುದು ಕೆರೆಗಾಗಿ. ಬಯಲು ಕೆರೆ, ಏರಿಯ ಮೇಲಿಂದ ನೋಟಕ್ಕೆ ಅಡ್ಡಿ ಕಡಿಮೆ. ಹೆಬ್ಬಾತಿನ ಜೊತೆ ಸೂಜಿಬಾಲದ ಬಾತು, ಚಲುಕದ ಬಾತು, ಬಿಳಿಹುಬ್ಬಿನ ಬಾತು, ನಮ್ಮಲ್ಲೇ ಇರುವ ವರಟೆ, ನಾಮದ ಕೋಳಿ, ಗುಳುಮುಳುಕ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಎಲ್ಲವೂ ಒಂದೇ ನೀರಿನಲ್ಲಿ ಸಿಗುವ ದಿನಗಳುಂಟು. ಇವುಗಳ ಮೇಲೆ ಜೌಗು ಸೆಳೆವ ಒಂದು ಸುತ್ತು ಹಾರಿದರೆ ಸಾಕು, ಇಡೀ ಕೆರೆ ಒಮ್ಮೆಗೇ ಎದ್ದು ಮತ್ತೆ ಕೂರುತ್ತದೆ. ಎಣಿಸುವವರಿಗೆ ತಲೆನೋವು, ಫೋಟೋದವರಿಗೆ ಹಬ್ಬ.

ಅದೇ ತಾಲೂಕಿನ ನರಸಾಂಬುಧಿ ಕೆರೆ ಭಾರತದ ಮುಖ್ಯ ಪಕ್ಷಿತಾಣಗಳ ಪಟ್ಟಿಯಲ್ಲಿ ಸೇರಿರುವ ಕೆರೆ. ಹೆಸರಿದ್ದಷ್ಟು ಜನಸಂದಣಿ ಇಲ್ಲ, ಅದೇ ಅದರ ಲಾಭ. ಟಿ. ನರಸೀಪುರ ತಾಲೂಕಿನ ಕಗ್ಗಲೀಪುರ ಕೆರೆಗೂ ಹೆಬ್ಬಾತು ಬರುತ್ತದೆ. ಒಂದು ವರ್ಷ ಹದಿನಾರಿನಲ್ಲಿ ನೀರು ಹೆಚ್ಚಾಗಿ ಹಕ್ಕಿ ಕಡಿಮೆಯಾದರೆ ಇನ್ನೊಂದು ಕೆರೆ ಕೈ ಹಿಡಿಯಬಹುದು. ಆದ್ದರಿಂದಲೇ ಹೊರಡುವ ಹಿಂದಿನ ವಾರ ವಿಚಾರಿಸುವುದು ಮುಖ್ಯ. ಕಳೆದ ವರ್ಷದ ಫೋಟೋ ನೋಡಿ ಹೊರಟವರು ಖಾಲಿ ಕೆರೆ ನೋಡಿ ಬಂದದ್ದುಂಟು.

ನದಿಯ ಕಡೆ ಎರಡು ಜಾಗ. ಕಾವೇರಿ, ಕಪಿಲೆ, ಜೊತೆಗೆ ಕಣ್ಣಿಗೆ ಕಾಣದೆ ಸೇರುತ್ತದೆಂದು ನಂಬುವ ಸ್ಫಟಿಕ ಸರೋವರ ಕೂಡುವ ಟಿ. ನರಸೀಪುರದ ಸಂಗಮ ಒಂದು. ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಸೋಪಾನದಲ್ಲಿ ಕೂತೇ ನೀರುಕಾಗೆ, ರೀವ, ಮಿಂಚುಳ್ಳಿ, ಗರುಡ ನೋಡಬಹುದು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಇದು ಒಳ್ಳೆಯ ಆಯ್ಕೆ. ಇನ್ನೊಂದು ತಲಕಾಡು. ಅಲ್ಲಿ ಬೆಳಗ್ಗೆ ಎಂಟರೊಳಗೆ ಹೋಗಿ ಬಂದುಬಿಡಬೇಕು. ಆಮೇಲೆ ನದಿಯಲ್ಲಿ ಸ್ನಾನಕ್ಕಿಳಿಯುವವರದ್ದೇ ರಾಜ್ಯ. ರಂಗನತಿಟ್ಟನ್ನು ಬೇಕೆಂದೇ ಈ ಪಟ್ಟಿಯಲ್ಲಿ ಸೇರಿಸಿಲ್ಲ. ಅದು ಚೆನ್ನಾಗಿದೆ, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು, ಆದರೆ ಅಲ್ಲಿ ದೋಣಿಯವರು ನಿಮ್ಮನ್ನು ಹಕ್ಕಿಯ ಮುಂದೆ ತಂದು ನಿಲ್ಲಿಸುತ್ತಾರೆ. ಕೆರೆಯಲ್ಲಿ ಹುಡುಕುವುದು ನೀವೇ.

ಐದು ಕೆರೆಯನ್ನು ಒಂದೇ ದಿನದಲ್ಲಿ ಮುಗಿಸುವ ಪಟ್ಟಿ ಯಾರಾದರೂ ಕೊಟ್ಟರೆ ನಯವಾಗಿ ಬೇಡ ಎನ್ನಿ. ಕಾರಿಂದ ಇಳಿದು ನೋಡಿ ಹತ್ತುವಷ್ಟರಲ್ಲಿ ಹಕ್ಕಿಗಳು ನಿಮ್ಮಿಂದಾದ ಗಾಬರಿಯಲ್ಲೇ ಇರುತ್ತವೆ. ಒಂದೇ ಜಾಗದಲ್ಲಿ ಅರ್ಧ ಗಂಟೆ ಸುಮ್ಮನೆ ಕೂತ ಮೇಲಷ್ಟೇ ನಾಮದ ಕೋಳಿ ಹತ್ತಿರ ಬರುತ್ತದೆ, ದೇವನಕ್ಕಿ ತಾವರೆ ಎಲೆಯ ಮೇಲೆ ನಡೆದಾಡತೊಡಗುತ್ತದೆ. ಒಂದು ಕೆರೆ, ಮೂರು ಗಂಟೆ. ಈ ಲೇಖನದಿಂದ ಒಂದೇ ಸಲಹೆ ಒಯ್ಯುವುದಿದ್ದರೆ ಅದನ್ನೇ ಒಯ್ಯಿರಿ.

ಗೈಡ್ ಹುಡುಕುವುದು

ಇಲ್ಲಿಯ ಕೆರೆಗಳ ಮುಂದೆ ಟಿಕೆಟ್ ಕೌಂಟರ್ ಇಲ್ಲ, ಗೈಡುಗಳ ಸಾಲೂ ಇಲ್ಲ. ಆದರೆ ಮೈಸೂರು ಹವ್ಯಾಸಿ ಪಕ್ಷಿವೀಕ್ಷಕರ ಊರು. 2014ರಿಂದ ಇಲ್ಲಿಯ ಹವ್ಯಾಸಿಗಳೇ ಸೇರಿಕೊಂಡು ಇಡೀ ನಗರವನ್ನು ಚೌಕಚೌಕವಾಗಿ ಭಾಗ ಮಾಡಿ ಹಕ್ಕಿ ಅಟ್ಲಾಸ್ ಮಾಡಿದರು. ಅಂಥ ಗುಂಪುಗಳಲ್ಲಿ ವಿಚಾರಿಸಿದರೆ ಚಳಿಗಾಲದ ಪ್ರತಿ ಭಾನುವಾರ ಯಾರೋ ಒಬ್ಬರು ಹದಿನಾರಿಗೋ ನರಸಾಂಬುಧಿಗೋ ಹೊರಟಿರುತ್ತಾರೆ. ದುಡ್ಡು ಪಡೆದು ಕರೆದೊಯ್ಯುವ ನ್ಯಾಚುರಲಿಸ್ಟ್‌ಗಳೂ ಮೈಸೂರು, ಕಬಿನಿ ಕಡೆ ಇದ್ದಾರೆ. ಇನ್ನೊಂದು ದಾರಿ ಜನವರಿಯ ಏಷ್ಯಾ ಜಲಪಕ್ಷಿ ಗಣತಿ. 1987ರಿಂದ ನಡೆಯುತ್ತಿರುವ ಈ ಎಣಿಕೆಗೆ ಸ್ವಯಂಸೇವಕರು ಯಾವಾಗಲೂ ಬೇಕು, ಹೊಸಬರನ್ನು ಅನುಭವಿಗಳ ಜೊತೆ ಸೇರಿಸುತ್ತಾರೆ. ಎಷ್ಟೋ ದುಬಾರಿ ಪ್ಯಾಕೇಜಿಗಿಂತ ಅಲ್ಲಿ ಕಲಿಯುವುದು ಹೆಚ್ಚು.

ಗೈಡನ್ನು ಒಪ್ಪುವ ಮೊದಲು ಮೂರು ಮಾತು ಕೇಳಿ. ಈ ವಾರ ಕೆರೆಗೆ ಹೋಗಿದ್ದಿರಾ? ನಿಮ್ಮ ಹತ್ತಿರ ಸ್ಪಾಟಿಂಗ್ ಸ್ಕೋಪ್ ಇದೆಯಾ? ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯುತ್ತೀರಾ? ಮೊದಲ ಎರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂದವರು ನಿಮಗೆ ಸರಿ. "ಹೆಬ್ಬಾತು ಗ್ಯಾರಂಟಿ, ಹತ್ತಿರದಿಂದ ತೋರಿಸ್ತೀನಿ" ಎನ್ನುವವರು ಹಕ್ಕಿಯನ್ನು ಎಬ್ಬಿಸಿ ಹಾರಿಸಿ ತೋರಿಸುವವರಿರಬಹುದು, ದೂರವಿಡಿ. ದುಡ್ಡು, ಎಷ್ಟು ಗಂಟೆ, ವಾಹನ ಯಾರದು, ತಿಂಡಿ ಯಾರದು ಇವೆಲ್ಲ ಫೋನಿನಲ್ಲೇ ತೀರ್ಮಾನವಾಗಲಿ. ಆರು ಜನಕ್ಕಿಂತ ಹೆಚ್ಚು ಇರುವ ತಂಡ ಹಕ್ಕಿಗೂ ಕಷ್ಟ, ಏರಿಗೂ ಕಷ್ಟ.

ಕೆರೆಯ ನಿಜವಾದ ಗೈಡ್ ಮಾತ್ರ ಊರಿನಲ್ಲಿರುತ್ತಾರೆ. ತೂಬು ಎತ್ತಿ ಗದ್ದೆಗೆ ನೀರು ಬಿಡುವ ನೀರುಗಂಟಿ, ಮೀನಿನ ಗುತ್ತಿಗೆ ಹಿಡಿದವರು, ಎಮ್ಮೆ ಮೇಯಿಸುವವರು. ಹೆಬ್ಬಾತು ನಿನ್ನೆ ರಾತ್ರಿ ಯಾವ ಬಯಲಿಗೆ ಇಳಿದಿತ್ತು ಎಂಬುದು ಯಾವ ಆ್ಯಪಿನಲ್ಲೂ ಇರುವುದಿಲ್ಲ, ಅವರ ಬಾಯಲ್ಲಿರುತ್ತದೆ. ಏರಿ ಹತ್ತುವ ಮೊದಲು "ನಮಸ್ಕಾರ ಅಣ್ಣ, ಹಕ್ಕಿ ನೋಡಾಕೆ ಬಂದಿದೀವಿ, ಈ ಕಡೆಯಿಂದ ಹೋಗಬಹುದಾ?" ಎಂದು ಕೇಳಿ. ಹೆಗಲಿಗೆ ಉದ್ದ ಚೀಲ ಹಾಕಿಕೊಂಡ ಅಪರಿಚಿತರನ್ನು ಕಂಡರೆ ಹಿರಿಯರೊಬ್ಬರಾದರೂ "ಹೊಡೆಯಾಕೆ ಬಂದ್ರಾ?" ಎಂದು ಕೇಳಿಯೇ ಕೇಳುತ್ತಾರೆ. ಚೀಲ ಬಿಚ್ಚಿ ಟ್ರೈಪಾಡ್ ತೋರಿಸಿ, ಅವರನ್ನೇ ಸ್ಕೋಪಿನಲ್ಲಿ ನೋಡಲು ಕರೆಯಿರಿ. ಆಮೇಲೆ ಮಾತು ತಾನಾಗಿ ಬರುತ್ತದೆ. ಕಾಳು ತಿನ್ನುವ ಹಕ್ಕಿಯ ಮೇಲೆ ಅವರಿಗೆ ಸಿಟ್ಟೂ ಇರಬಹುದು. ಗದ್ದೆ ಅವರದು, ನೀವು ಅತಿಥಿ. ಉಪದೇಶ ಮಾಡಬೇಡಿ.

ಒಂದೂವರೆ ದಿನದ ಹೊಂದಿಕೆ

ಮೈಸೂರಿನಿಂದ ನಂಜನಗೂಡಿಗೆ 23 ಕಿಲೋಮೀಟರ್, ಬಸ್ಸು ಪದೇಪದೇ ಇದೆ, ಚಾಮರಾಜನಗರದ ರೈಲೂ ನಿಲ್ಲುತ್ತದೆ. ಮೈಸೂರಿನಿಂದ ಟಿ. ನರಸೀಪುರಕ್ಕೆ ಸುಮಾರು 30. ಊರಿಂದೂರಿಗೆ ಬಸ್ಸು ಸಾಕು, ಕೆರೆಗಳಿಗೆ ಮಾತ್ರ ಸ್ವಂತ ವಾಹನವೋ ಬಾಡಿಗೆ ಕಾರೋ ಬೇಕು. ಸೂರ್ಯ ಹುಟ್ಟುವ ಮೊದಲೇ ಏರಿಯ ಮೇಲಿರಬೇಕಾದವರಿಗೆ ಮೊದಲ ಬಸ್ಸು ತಡ.

ಶನಿವಾರ ಮಧ್ಯಾಹ್ನ ನಂಜನಗೂಡು ತಲುಪಿ, ಊಟ ಮುಗಿಸಿ, ಮೂರೂವರೆಗೆ ಹದಿನಾರು ಕೆರೆಯ ಹತ್ತಿರ ಇರಿ. ಸಂಜೆ ಬೆಳಕು ಪಶ್ಚಿಮದಿಂದ, ಆದ್ದರಿಂದ ನೀವು ಕೆರೆಯ ಪಶ್ಚಿಮಕ್ಕೆ, ಬಿಸಿಲು ಬೆನ್ನಿಗೆ. ಎದುರು ಬಿಸಿಲಿನಲ್ಲಿ ಎಲ್ಲ ಬಾತೂ ಕಪ್ಪು ಬಾತೇ. ಆಮೇಲೆ ಗಾಳಿ ನೋಡಿ. ನೀರುಹಕ್ಕಿ ಗಾಳಿಗೆ ಮುಖಮಾಡಿ ಕೂರುತ್ತದೆ, ಗಾಳಿಗೆ ಎದುರಾಗಿಯೇ ಏಳುತ್ತದೆ ಮತ್ತು ಇಳಿಯುತ್ತದೆ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುತ್ತಿದ್ದರೆ ಹಕ್ಕಿಯ ಮುಖ ನಿಮ್ಮ ಕಡೆಗಿರುತ್ತದೆ. ಹಳೆಯ ಶಿಕಾರಿಗಳು ಇದನ್ನೇ ನೋಡಿ ಜಾಗ ಹಿಡಿಯುತ್ತಿದ್ದರು. ಅವರ ವಿದ್ಯೆಯಲ್ಲಿ ಇಟ್ಟುಕೊಳ್ಳಬೇಕಾದ ಭಾಗ ಇದು. ಸೂರ್ಯ ಮುಳುಗುವಾಗ ಹೆಬ್ಬಾತು ಏಳುತ್ತದೆ. ಯಾವ ದಿಕ್ಕಿಗೆ ಹೋಯಿತೆಂದು ಬರೆದುಕೊಳ್ಳಿ, ಆದರೆ ಹಿಂಬಾಲಿಸಿ ಗದ್ದೆಗೆ ಹೋಗಬೇಡಿ. ರಾತ್ರಿ ನಂಜನಗೂಡಿನಲ್ಲೇ ತಂಗಿದರೆ ಬೆಳಗಿನ ನಿದ್ದೆ ಸ್ವಲ್ಪ ಉಳಿಯುತ್ತದೆ.

ಭಾನುವಾರ ಐದೂವರೆಗೆ ಹೊರಟು ಬೆಳಕು ಹರಿಯುವ ಮುನ್ನ ಅದೇ ಕೆರೆಗೆ ಬನ್ನಿ, ಈ ಸಲ ಪೂರ್ವದ ಕಡೆಗೆ. ಹಿಂಡುಗಳು ಗದ್ದೆಯಿಂದ ಹಿಂದಿರುಗುವುದು ಆಗಲೇ. ಅದೇ ಕೆರೆಗೆ ಮತ್ತೆ ಯಾಕೆ ಎನ್ನಬೇಡಿ. ಸಂಜೆ ಕಂಡ ಕೆರೆಯೇ ಬೇರೆ, ಬೆಳಗಿನ ಕೆರೆಯೇ ಬೇರೆ. ಒಂಬತ್ತಕ್ಕೆ ಮುಗಿಸಿ, ತಿಂಡಿ ತಿಂದು, ಟಿ. ನರಸೀಪುರದ ಕಡೆ ಹೊರಡಿ, ಸುಮಾರು ಒಂದು ಗಂಟೆಯ ದಾರಿ. ನಾಲೆಪಕ್ಕದ ದಾರಿಯಲ್ಲಿ ತಂತಿಯ ಮೇಲೆ ಕಳ್ಳಿಪೀರ, ಗದ್ದೆಯಲ್ಲಿ ಟಿಟ್ಟಿಭ, ಜೊಂಡಿನಲ್ಲಿ ರಾಟವಾಳ ಸಿಗುತ್ತವೆ. ನಿಲ್ಲಿಸಬೇಕೆನಿಸಿದರೆ ಕಾರನ್ನು ಪೂರ್ತಿ ರಸ್ತೆಯಿಂದ ಇಳಿಸಿ, ಕಬ್ಬಿನ ಟ್ರಾಕ್ಟರಿಗೆ ನಿಮ್ಮ ಹಕ್ಕಿಯ ಗೊಡವೆ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕಗ್ಗಲೀಪುರಕ್ಕೆ ಹೋಗಿ ಬಂದರೂ ಆಯಿತು, ಸಂಗಮದ ಮೆಟ್ಟಿಲ ಮೇಲೆ ಕೂತರೂ ಆಯಿತು. ಮೂರು ಗಂಟೆಗೆ ಮೈಸೂರಿನ ದಾರಿ ಹಿಡಿಯಬಹುದು.

ಸಾಮಾನಿನ ವಿಷಯಕ್ಕೆ ಬಂದರೆ ಖರ್ಚು ಮಾಡಬೇಕಾದದ್ದು ಬೈನಾಕ್ಯುಲರಿಗೆ ಮಾತ್ರ. 8x42 ಎಂದು ಬರೆದಿರುವುದನ್ನು ಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಹೆಚ್ಚು ಪಟ್ಟು ಇದ್ದಷ್ಟೂ ಕೈ ನಡುಗಿದ್ದು ಹೆಚ್ಚು ಕಾಣುತ್ತದೆ, ಹೊಸಬರಿಗೆ ಎಂಟೇ ಸಾಕು. ಅಂಗಡಿಯವರು 20x, 30x ಎಂದು ಹೇಳಿ ಮಾರುವ ಅಗ್ಗದ ಮಾಲಿನಿಂದ ತಲೆನೋವು ಬಿಟ್ಟು ಬೇರೇನೂ ಬರದು. ಉಳಿದಂತೆ ಮಾಸಲು ಬಣ್ಣದ ಬಟ್ಟೆ, ಟೋಪಿ, ಬೆಳಗಿನ ಚಳಿಗೆ ಸ್ವೆಟರ್, ಹುಲ್ಲಿನ ಇಬ್ಬನಿಗೆ ನೆನೆಯದ ಶೂ, ನೀರು. ಕೆರೆಯ ಹತ್ತಿರ ಶೌಚಾಲಯ ಇರುವುದಿಲ್ಲ, ಹೆಂಗಸರು ಜೊತೆಗಿದ್ದರೆ ತಿಂಡಿಯ ಹೋಟೆಲನ್ನು ಅದನ್ನೂ ನೋಡಿಯೇ ಆರಿಸಿ. ಕನ್ನಡದ ಹೆಸರುಗಳಿಗೆ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿಪುಕ್ಕ' ಚೀಲದಲ್ಲಿರಲಿ. ಕೂಗು, ಫೋಟೋ ಹಿಡಿದು ಗುರುತಿಸಲು ಮರ್ಲಿನ್ ಎಂಬ ಉಚಿತ ಆ್ಯಪ್ ಇದೆ. ಅದು ಹೇಳಿದ್ದೆಲ್ಲ ಸತ್ಯ ಎಂದು ಮಾತ್ರ ನಂಬಬೇಡಿ.

ಜೀವದ ಎಚ್ಚರಿಕೆ ಎರಡಿವೆ. ಮೊದಲನೆಯದು ಚಿರತೆ. 2022ರ ಕೊನೆಯಿಂದ 2023ರ ಜನವರಿಯವರೆಗೆ ಟಿ. ನರಸೀಪುರ ತಾಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಕಬ್ಬಿನ ಗದ್ದೆ ಚಿರತೆಗೆ ಮನೆಯಂತಾಗಿರುವ ಸೀಮೆ ಇದು. ಕತ್ತಲಲ್ಲಿ ಒಬ್ಬರೇ ನಡೆಯಬೇಡಿ, ಕಬ್ಬಿನ ನಡುವಿನ ಅಡ್ಡದಾರಿ ಹಿಡಿಯಬೇಡಿ, ಮಕ್ಕಳನ್ನು ಮುಂದೆ ಓಡಲು ಬಿಡಬೇಡಿ. ಹಕ್ಕಿ ನೋಡಲು ಬಗ್ಗಿ ಕೂರುವುದು ಒಳ್ಳೆಯ ಅಭ್ಯಾಸವೇ, ಆದರೆ ಕಬ್ಬಿನ ಅಂಚಿನಲ್ಲಿ ಬೇಡ. ಎರಡನೆಯದು ಹಕ್ಕಿಜ್ವರ. 2017ರ ಜನವರಿಯಲ್ಲಿ ಮೈಸೂರು ಮೃಗಾಲಯವನ್ನೇ ಅದಕ್ಕಾಗಿ ಮುಚ್ಚಬೇಕಾಯಿತು. ದಡದಲ್ಲಿ ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ. ನಾಲ್ಕಾರು ಒಟ್ಟಿಗೆ ಸತ್ತು ಬಿದ್ದಿದ್ದರೆ ಅರಣ್ಯ ಇಲಾಖೆಗೋ ಪಶು ಆಸ್ಪತ್ರೆಗೋ ತಿಳಿಸಿ.

ಡ್ರೋನ್ ತರಬೇಡಿ. ಮೇಲಿಂದ ಬರುವುದೆಲ್ಲ ಹದ್ದೇ ಎಂದು ನಂಬಿರುವ ಬಾತಿಗೆ ಅದರ ಗುಂಯ್‌ಗುಡುವಿಕೆ ಸಾಕು, ಇಡೀ ಹಿಂಡು ಕೆರೆ ಬಿಟ್ಟು ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಗೆ ಪ್ರತಿ ಅನಗತ್ಯ ಹಾರಾಟವೂ ನಷ್ಟವೇ. ಹಕ್ಕಿಗಳೆಲ್ಲ ಮೇಯುವುದು ನಿಲ್ಲಿಸಿ ಕತ್ತು ಎತ್ತಿದರೆ ನೀವು ಹೋಗಬೇಕಾದಷ್ಟು ಹತ್ತಿರ ಹೋಗಿ ಆಗಿದೆ. ಅಲ್ಲೇ ನಿಲ್ಲಿ, ಎರಡು ಹೆಜ್ಜೆ ಹಿಂದೆ ಬಂದರೆ ಇನ್ನೂ ಒಳ್ಳೆಯದು.

ನೋಡಿದ್ದನ್ನು ಬರೆದಿಡಿ. ಇ-ಬರ್ಡ್ ತಾಣದಲ್ಲಿ ಕೆರೆಯ ಹೆಸರು, ಸಮಯ, ಎಣಿಕೆ ಹಾಕಿದರೆ ಮುಂದಿನ ವಾರ ಹೊರಡುವವರಿಗೆ ಅದೇ ಮಾಹಿತಿ. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ನಡೆಯುವ ಹಿತ್ತಿಲ ಹಕ್ಕಿಗಳ ಎಣಿಕೆಗೆ ಹದಿನೈದು ನಿಮಿಷದ ಪಟ್ಟಿಯೂ ನಡೆಯುತ್ತದೆ. ಹೆಬ್ಬಾತಿನ ಹಿಂಡನ್ನು ನೋಡುವಾಗ ಒಂದೊಂದೇ ಕುತ್ತಿಗೆಯನ್ನು ಸ್ಕೋಪಿನಲ್ಲಿ ಸವರಿಕೊಂಡು ಹೋಗಿ. ಕುತ್ತಿಗೆಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರದ ಬಣ್ಣ, ಅಕ್ಷರ–ಅಂಕಿಗಳು ಯಾವ ಕ್ರಮದಲ್ಲಿವೆ, ಮೇಲಿನಿಂದ ಕೆಳಕ್ಕೋ ಕೆಳಗಿನಿಂದ ಮೇಲಕ್ಕೋ, ಜೊತೆಗೆ ಎಷ್ಟು ಹಕ್ಕಿಗಳಿದ್ದವು ಎಲ್ಲವನ್ನೂ ಅಲ್ಲೇ ಬರೆದುಕೊಳ್ಳಿ. ಮಸುಕಾದರೂ ಒಂದು ಫೋಟೋ ತೆಗೆದು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಭಾರತದಲ್ಲಿ ಹಕ್ಕಿ ಉಂಗುರಗಳ ಲೆಕ್ಕ ಅಲ್ಲಿದೆ. ಒಂದು ಅಕ್ಷರ ಸರಿಯಾಗಿ ಕಾಣದಿದ್ದರೆ ಊಹಿಸಿ ತುಂಬಬೇಡಿ, ಖಾಲಿ ಬಿಟ್ಟೇ ಕಳಿಸಿ.